ಬಿಲ್ಲಿನ ಮರಕ್ಕೆ ಕಾವು ಕೊಡುವುದು: ಬಾಗಿಸುವ ಬಗೆ, ಹದ ಮಾಡುವ ಬಗೆ

ಮಲೆನಾಡಿನಲ್ಲಿ ಮರದ ಬಿಲ್ಲಿಗೆ ದೊಡ್ಡ ಪರೀಕ್ಷೆ ಅಂದರೆ ಮಳೆಗಾಲ. ಏಪ್ರಿಲ್‌ನಲ್ಲಿ ಹೆರೆದು ಮುಗಿಸಿದ ಬಿಲ್ಲು 28 ಇಂಚು ಎಳೆದಾಗ 40 ಪೌಂಡ್ ತೂಗುತ್ತಿರುತ್ತದೆ, ಅಂದರೆ ಹೆದೆಯನ್ನು ಅಷ್ಟು ಎಳೆಯಲು 40 ಪೌಂಡ್ ಬಲ ಬೇಕು. ಬಿಟ್ಟರೆ ಬಾಣ ಸುಂಯ್ ಅಂತ ಹೋಗುತ್ತದೆ. ಆರಿದ್ರಾ ಮಳೆ ಹಿಡಿದು ಸ್ವಲ್ಪ ದಿನ ಕಳೆಯಲಿ, ಅದೇ ಬಿಲ್ಲು ಮೆತ್ತಗಾಗಿರುತ್ತದೆ. ಹೆದೆ ಬಿಚ್ಚಿದರೂ ನೆಟ್ಟಗಾಗುವುದಿಲ್ಲ, ಬಾಗಿಯೇ ನಿಲ್ಲುತ್ತದೆ. ಇದನ್ನೇ ನಾನು ಬಿಲ್ಲು ಸೋಲುವುದು ಅನ್ನುತ್ತೇನೆ.

ಮರ ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತದೆ. ಗಾಳಿಯ ಆರ್ದ್ರತೆ ಶೇ. 50 ಇದ್ದಾಗ ಮರದೊಳಗಿನ ನೀರು ಸುಮಾರು ಶೇ. 9ಕ್ಕೆ ಬಂದು ನಿಲ್ಲುತ್ತದೆ. ಬಿಲ್ಲಿಗೆ ಅದು ಒಳ್ಳೆಯ ಹದ. ಆರ್ದ್ರತೆ ಶೇ. 90 ಆಯಿತೆಂದರೆ ಮರದ ನೀರು ಶೇ. 20ರ ಹತ್ತಿರ ಹೋಗುತ್ತದೆ. ಅಷ್ಟು ನೀರು ಕುಡಿದ ಮರ ಒತ್ತಿದರೆ ಜಗ್ಗುತ್ತದೆ. ಸಿರ್ಸಿ ಕಡೆಯ ನಮ್ಮ ಊರಲ್ಲಿ ಜುಲೈ ತಿಂಗಳಿಡೀ ಗೋಡೆಯೇ ಬೆವರುತ್ತದೆ. ಇಲ್ಲಿ ಬಿಲ್ಲು ಮಾಡಬೇಕೆಂದರೆ ಬೆಂಕಿಯ ಕೆಲಸ ಕಲಿಯದೆ ಬೇರೆ ದಾರಿ ಇಲ್ಲ.

ನಾನು ಬಳಸುವುದು ಎರಡೇ ಮರ. ಒಂದು ತಡಸಲು, ಕೆಲವರು ದಡಸಲು ಅಂತಲೂ ಅನ್ನುತ್ತಾರೆ. ಇನ್ನೊಂದು ಕಿರುಬಿದಿರು. ತಡಸಲಿನ ಗುಣ ಹಳೆಯ ತಲೆಮಾರಿನವರಿಗೆ ಚೆನ್ನಾಗಿ ಗೊತ್ತು. ಕೊಡಲಿ ಹಿಡಿ, ಹೊರೆ ಹೊರುವ ಅಡ್ಡೆ, ಎತ್ತಿನ ಗಾಡಿಯ ಮರ, ಎಲ್ಲಕ್ಕೂ ಅದನ್ನೇ ಹುಡುಕುತ್ತಿದ್ದರು. ಬಾಗಿ ಮತ್ತೆ ತನ್ನ ಜಾಗಕ್ಕೆ ಬರುವ ಮರ ಅದು. ಮುಂದೆ ಹೇಳುವುದನ್ನೆಲ್ಲ ಈ ಎರಡು ಮರ ಎದುರಿಗಿಟ್ಟುಕೊಂಡೇ ಹೇಳುತ್ತೇನೆ. ಬೇರೆ ಮರ ಹಿಡಿದವರು ಮೊದಲು ಒಂದು ತುಂಡಿನ ಮೇಲೆ ನೋಡಿ, ಆಮೇಲೆ ಬಿಲ್ಲಿಗೆ ಕೈ ಹಾಕಿ.

ಕಾವಿಗೆ ಎರಡು ಕೆಲಸ

ಬಿಲ್ಲು ಮಾಡುವವರಲ್ಲಿ ಬಹಳ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಬಾಗಿಸುವ ಕಾವು ಬೇರೆ, ಹದ ಮಾಡುವ ಕಾವು ಬೇರೆ.

ಬಾಗಿಸುವಾಗ ಮರದೊಳಗೆ ನೀರು ಇರಬೇಕು, ಕಾವು ಮರದ ದಪ್ಪದ ನಡುವಿನ ತನಕ ಇಳಿಯಬೇಕು. ಮರದ ನಾರುಗಳನ್ನು ಹಿಡಿದಿಟ್ಟಿರುವ ಅಂಟಿಗೆ ಲಿಗ್ನಿನ್ ಅನ್ನುತ್ತಾರೆ. ನೀರು ಮತ್ತು ಕಾವು ಎರಡೂ ಸೇರಿದರೆ 100 ಡಿಗ್ರಿಯ ಆವಿಯಲ್ಲೇ ಅದು ಮೆತ್ತಗಾಗುತ್ತದೆ. ನಾರುಗಳು ಒಂದರ ಪಕ್ಕ ಒಂದು ಜರುಗುತ್ತವೆ. ತಣ್ಣಗಾದಾಗ ಹೊಸ ಆಕಾರದಲ್ಲೇ ಹಿಡಿದುಕೊಳ್ಳುತ್ತವೆ.

ಹದ ಮಾಡುವಾಗ ಎಲ್ಲವೂ ಉಲ್ಟಾ. ಮರ ಒಣಗಿರಬೇಕು. ಕಾವು ಒಂದೇ ಕಡೆಯಿಂದ ಬೀಳಬೇಕು, ಹೊಟ್ಟೆಯ ಕಡೆಯಿಂದ. ಬಿಲ್ಲುಗಾರನ ಮುಖಕ್ಕೆ ಎದುರಾಗಿರುವ ಮೈ ಹೊಟ್ಟೆ, ಗುರಿಯ ಕಡೆಗಿರುವುದು ಬೆನ್ನು. ಹೆದೆ ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಒಣಮರ ಹಿಗ್ಗುವ ಎಳೆತವನ್ನು ತಡೆಯುವುದು ಕುಗ್ಗುವ ಒತ್ತಡಕ್ಕಿಂತ ಸುಮಾರು ಎರಡು ಪಟ್ಟು. ಹಾಗಾಗಿ ಮೊದಲು ಸೋಲುವುದು ಹೊಟ್ಟೆ. ಅಲ್ಲಿನ ನಾರು ಒತ್ತಿ ಒತ್ತಿ ಜಜ್ಜಿಹೋಗುತ್ತದೆ, ಬಿಲ್ಲು ಬಾಗಿಯೇ ಉಳಿಯುತ್ತದೆ.

ಸುಮಾರು 180 ಡಿಗ್ರಿ ದಾಟಿದ ಕಾವಿನಲ್ಲಿ ಮರದೊಳಗಿನ ಹೆಮಿಸೆಲ್ಯುಲೋಸ್ ಒಡೆಯುತ್ತದೆ. ನೀರನ್ನು ಎಲ್ಲಕ್ಕಿಂತ ಜಾಸ್ತಿ ಎಳೆದುಕೊಳ್ಳುವ ಭಾಗವೇ ಅದು. ಅದು ಕಮ್ಮಿಯಾದಷ್ಟೂ ಮರ ಕಮ್ಮಿ ನೀರು ಕುಡಿಯುತ್ತದೆ, ಒತ್ತಡಕ್ಕೆ ಗಡುಸಾಗುತ್ತದೆ. ಫಿನ್ಲೆಂಡ್‌ನಲ್ಲಿ ಮನೆಯ ಹೊರಗೋಡೆಗೆ ಹಾಕುವ ಹಲಗೆಯನ್ನು ಇದೇ ಲೆಕ್ಕದಲ್ಲಿ 190ರಿಂದ 212 ಡಿಗ್ರಿಗೆ ಕಾಸುತ್ತಾರೆ. ಥರ್ಮೋವುಡ್ ಅಂತ ಅದನ್ನು ಮಾರುತ್ತಾರೆ. ಆ ಹಲಗೆ ಮಳೆಯಲ್ಲಿ ಉಬ್ಬುವುದು ಕಮ್ಮಿ. ಆದರೆ ಬಾಗಿಸಿದರೆ ಮಾಮೂಲಿ ಹಲಗೆಗಿಂತ ಬೇಗ ಮುರಿಯುತ್ತದೆ. ಈ ಕೊನೆಯ ಮಾತು ನಮಗೆ ಬಹಳ ಮುಖ್ಯ. ಕಾಸಿದ ಮರ ಎಳೆತಕ್ಕೆ ಪೆಡಸಾಗುತ್ತದೆ. ಅದಕ್ಕೇ ಬೆನ್ನಿಗೆ ಆ ಕಾವು ತಾಗಬಾರದು.

ಮರ ಸಿದ್ಧ ಮಾಡುವುದು

ತಡಸಲಿನ ನೆಟ್ಟಗಿನ ಕೊಂಬೆ ಅಥವಾ ಎಳೆಮರದ ಕಾಂಡ ಸಾಕು. ಗರಗಸಕ್ಕಿಂತ ಬೆಣೆ ಹೊಡೆದು ಸೀಳುವುದು ಒಳ್ಳೆಯದು. ನಾರು ಹೋದ ದಾರಿಯಲ್ಲೇ ಸೀಳು ಹೋಗುತ್ತದೆ. ತೊಗಟೆ ಸುಲಿದಾಗ ಕಾಣುವ ಮೈಯೇ ಬಿಲ್ಲಿನ ಬೆನ್ನು. ಅದರ ಮೇಲೆ ಕತ್ತಿ ಆಡಿಸಬೇಡಿ. ಸೀಳಿದ ಎರಡೂ ತುದಿಗೆ ಅಂಟು ಅಥವಾ ಪೇಂಟ್ ಬಳಿದು ನೆರಳಲ್ಲಿ ಒಣಗಿಸಿ. ತುದಿ ಬಿಟ್ಟರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಉದ್ದ 66 ಇಂಚಿಗಿಂತ ಕಮ್ಮಿ ಬೇಡ. ಅಗಲ ಒಂದೂವರೆ ಇಂಚು, ತುದಿಯಲ್ಲಿ ಅರ್ಧ ಇಂಚಿಗೆ ಇಳಿಯಲಿ. ಹಿಡಿಯ ಆಚೆ ಈಚೆ ಬಾಗುವ ಭಾಗಕ್ಕೆ ತೋಳು ಅನ್ನುತ್ತೇವೆ. ಎರಡೂ ತೋಳು ನೆಲಕ್ಕೆ ಒತ್ತಿದಾಗ ಸ್ವಲ್ಪ ಬಾಗುವಷ್ಟು ತೆಳ್ಳಗೆ ಹೆರೆದಿರಿ, ಅಷ್ಟು ಸಾಕು. ಬೆಂಕಿಯ ಕೆಲಸ ಮುಗಿದ ಮೇಲೆ ಹೆರೆಯುವುದು ಇನ್ನೂ ಇದೆ. ಮರವನ್ನು ಈಗಲೇ ಪೂರ್ತಿ ತೆಗೆದುಬಿಡಬೇಡಿ.

ಕಾವಿಗೆ ಮುಂಚೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಎತ್ತಿಟ್ಟುಕೊಳ್ಳಿ. ನನಗೆ ಎಲ್ಲ ಸಾಧನಕ್ಕಿಂತ ಇದೇ ಹೆಚ್ಚು ಉಪಕಾರಿ. ಒಣಗಲು ಇಟ್ಟ ಮರವನ್ನು ಆಗಾಗ ತೂಗಿ ಗೋಡೆ ಮೇಲೆ ಬರೆಯಿರಿ. ತೂಕ ಇಳಿಯುತ್ತಿದೆ ಅಂದರೆ ಇನ್ನೂ ನೀರಿದೆ. ಒಂದು ವಾರ ತೂಕ ಒಂದೇ ಕಡೆ ನಿಂತಿತೆಂದರೆ ಗಾಳಿಗೆ ಎಷ್ಟು ಒಣಗಬೇಕೋ ಅಷ್ಟು ಒಣಗಿದೆ. ಫೆಬ್ರವರಿ, ಮಾರ್ಚ್‌ನ ಗಾಳಿಯಲ್ಲಿ ಇದು ಸಿಕ್ಕಿದರೆ ಅದೇ ಹದ.

ತುದಿ ಬಾಗಿಸುವುದು

ತುದಿಯನ್ನು ಬೆನ್ನಿನ ಕಡೆಗೆ ಸ್ವಲ್ಪ ಬಾಗಿಸಿದರೆ ಎಳೆತ ಕೊನೆಯಲ್ಲಿ ಮೃದುವಾಗುತ್ತದೆ, ಬಾಣಕ್ಕೆ ವೇಗ ಸಿಗುತ್ತದೆ. ಇದು ಬೇಡ, ನೇರ ಬಿಲ್ಲೇ ಸಾಕು ಅನ್ನುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಮೊದಲ ಬಿಲ್ಲಿಗೆ ನೇರವೇ ಚೆಂದ.

ಮೊದಲು ಅಚ್ಚು ಮಾಡಿ. ಎರಡು ಇಂಚು ದಪ್ಪದ ಜಂಗಲ್ ಮರದ ತುಂಡಿನ ಮೇಲೆ 12 ಇಂಚಿನ ಊಟದ ತಟ್ಟೆ ಇಟ್ಟು ಅಂಚಿನ ಗುಂಟ ಗೀಟು ಹಾಕಿ. ಆ ಗೀಟಿನ ಮೇಲೆ ಕೊಯ್ದು ಉಪ್ಪುಕಾಗದ ಹಾಕಿ ನಯ ಮಾಡಿ. ಬಾಗಿಸಬೇಕಾದ ತುದಿ 12 ಮಿಲಿಮೀಟರ್‌ಗಿಂತ ದಪ್ಪ ಇರದಂತೆ ನೋಡಿಕೊಳ್ಳಿ. ಅಲ್ಲಿ ಗಂಟು ಇರಕೂಡದು.

ಒಣಗಿದ ಮರವಾದರೆ ತುದಿಯ ಎಂಟು ಇಂಚನ್ನು ಹಿಂದಿನ ರಾತ್ರಿ ನೀರಲ್ಲಿ ಅದ್ದಿಡಿ. ಮರುದಿನ ಆವಿ. ನಾನು ಇಡ್ಲಿ ಬೇಯಿಸುವ ಹಳೆಯ ದೊಡ್ಡ ಪಾತ್ರೆ ಇಟ್ಟುಕೊಂಡಿದ್ದೇನೆ. ಮುಚ್ಚಳದಲ್ಲಿ ಬಿಲ್ಲಿನ ತುದಿ ಹೋಗುವಷ್ಟು ತೂತು ಮಾಡಿದ್ದೇನೆ. ತಳದಲ್ಲಿ ಮೂರು ಇಂಚು ನೀರು. ತುದಿ ನೀರಿಗೆ ತಾಗದಂತೆ ಮೇಲೆ ನಿಲ್ಲಬೇಕು. ತೂತಿನ ಸುತ್ತ ಹಳೆ ಬಟ್ಟೆ ಸುತ್ತಿ, ಆದರೆ ಪೂರ್ತಿ ಬಿಗಿ ಮಾಡಬೇಡಿ. ಆವಿ ಹೊರಗೆ ಹೋಗಲು ಸ್ವಲ್ಪ ದಾರಿ ಇರಲೇಬೇಕು. ಪ್ರೆಶರ್ ಕುಕ್ಕರ್ ಈ ಕೆಲಸಕ್ಕೆ ಖಂಡಿತ ಬೇಡ. ಪಿವಿಸಿ ಪೈಪಿನೊಳಗೆ ಆವಿ ಬಿಡುವವರೂ ಇದ್ದಾರೆ. ಬಿಸಿಗೆ ಪೈಪೇ ಮೆತ್ತಗಾಗಿ ಜೋತು ಬೀಳುತ್ತದೆ. ಬಚ್ಚಲ ಒಲೆ ಇರುವವರು ಸೌದೆಗೆ ಯೋಚನೆ ಮಾಡಬೇಕಾಗಿಲ್ಲ.

ಎಷ್ಟು ಹೊತ್ತು? ಒಂದು ಇಂಚು ದಪ್ಪಕ್ಕೆ ಒಂದು ಗಂಟೆ ಅನ್ನುವುದು ಎಲ್ಲ ಕಡೆ ನಡೆದು ಬಂದ ಲೆಕ್ಕ. ಅರ್ಧ ಇಂಚಿನ ತುದಿಗೆ ಅರ್ಧ ಗಂಟೆ, ಗಟ್ಟಿ ಮರವಾದರೆ ಇನ್ನು ಹತ್ತು ನಿಮಿಷ. ನೀರು ಕುದಿಯಲು ಶುರುವಾದಾಗಿನಿಂದ ಹೊತ್ತು ಎಣಿಸಬೇಡಿ. ತೂತಿನಿಂದ ಆವಿ ಜೋರಾಗಿ ನುಗ್ಗಿ ಬರಲು ಶುರುವಾದಾಗಿನಿಂದ ಎಣಿಸಿ.

ಇನ್ನು ಉಕ್ಕಿನ ಪಟ್ಟಿಯ ವಿಷಯ. ಇದನ್ನು ಬಿಟ್ಟರೆ ತುದಿ ಸಿಗಿಯುತ್ತದೆ. ಆವಿಯಲ್ಲಿ ಬೆಂದ ಮರ ಉದ್ದಕ್ಕೆ ಶೇ. 25ರ ತನಕ ಕುಗ್ಗಬಲ್ಲದು. ಹಿಗ್ಗುವುದು ಮಾತ್ರ ಶೇ. 1 ಅಥವಾ 2. ಹಾಗಾಗಿ ಬಾಗಿನ ಹೊರಮೈ ಹಿಗ್ಗದಂತೆ ಹಿಡಿದು, ಒಳಮೈಯನ್ನೇ ಕುಗ್ಗಿಸಬೇಕು. ಮೈಕೆಲ್ ಥೋನೆಟ್ ಯುರೋಪಿನಲ್ಲಿ ಬೀಚ್ ಮರದ ಕುರ್ಚಿಗಳನ್ನು ಮಾಡಿದ್ದು ಇದೇ ಉಪಾಯದಿಂದ. 1859ರ ಅವರ 14ನೇ ನಂಬರಿನ ಕುರ್ಚಿ ಇವತ್ತಿಗೂ ಹೋಟೆಲುಗಳಲ್ಲಿ ಕಾಣುತ್ತದೆ. ಮರ ಬಾಗಿಸುವಾಗ ಹೊರಮೈಗೆ ಉಕ್ಕಿನ ಪಟ್ಟಿ ಕಟ್ಟುತ್ತಿದ್ದರು.

ಬಿಲ್ಲಿನಲ್ಲಿ ಹೊರಮೈ ಯಾವುದು? ತುದಿಯನ್ನು ಬೆನ್ನಿನ ಕಡೆಗೆ ಬಾಗಿಸುತ್ತಿದ್ದೇವೆ. ಅಂದರೆ ಈ ಬಾಗಿನಲ್ಲಿ ಹಿಗ್ಗುವುದು ಹೊಟ್ಟೆ. ಪಟ್ಟಿ ಹೊಟ್ಟೆಯ ಕಡೆಗೆ ಬರಬೇಕು. ದೊಡ್ಡ ಪೆಟ್ಟಿಗೆಗಳಿಗೆ ಸುತ್ತುವ ಕಬ್ಬಿಣದ ಪ್ಯಾಕಿಂಗ್ ಪಟ್ಟಿ ಗುಜರಿಯಲ್ಲಿ ಸಿಗುತ್ತದೆ, ಅದೇ ಸಾಕು. ಮರಕ್ಕೂ ಪಟ್ಟಿಗೂ ನಡುವೆ ತೆಳ್ಳನೆ ಬಟ್ಟೆ ಇಡಿ. ಒದ್ದೆ ಮರಕ್ಕೆ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ, ಹೋಗುವುದಿಲ್ಲ.

ಆವಿಯಿಂದ ತೆಗೆದ ಮೇಲೆ ಅರ್ಧ ನಿಮಿಷದೊಳಗೆ ಅಚ್ಚಿಗೆ ಬಿಗಿಯಬೇಕು. ಅದಕ್ಕೇ ತಣ್ಣನೆ ಮರದಲ್ಲೇ ಒಮ್ಮೆ ಅಭ್ಯಾಸ ಮಾಡಿ. ಕ್ಲ್ಯಾಂಪ್ ಎಲ್ಲಿ, ಅದರ ಬಾಯಿ ಎಷ್ಟು ತೆರೆದಿರಬೇಕು, ಯಾರು ಹಿಡಿಯುವುದು, ಎಲ್ಲ ಮೊದಲೇ ಗೊತ್ತಿರಲಿ. ಮನೆಯಲ್ಲಿ ಇನ್ನೊಬ್ಬರ ಕೈ ಕರೆಯಿರಿ. ಬಾಗಿಸುವಾಗ ಜರ್ಕ್ ಕೊಡಬೇಡಿ. ನಿಧಾನ ಬೇಡ, ಗಡಿಬಿಡಿಯೂ ಬೇಡ, ಒಂದೇ ಎಳೆತದಲ್ಲಿ ಬಾಗಿ ಬರಲಿ.

ತಣ್ಣಗಾದ ಕೂಡಲೇ ಬಿಚ್ಚುವ ಆಸೆ ಆಗುತ್ತದೆ, ತಡೆದುಕೊಳ್ಳಿ. ರಾತ್ರಿಯಿಡೀ ಅಚ್ಚಿನಲ್ಲೇ ಇರಲಿ. ಮರುದಿನ ತೆಗೆದು ಬಾಗು ಬಿಚ್ಚದಂತೆ ಹುರಿಯಲ್ಲಿ ಕಟ್ಟಿ, ಗಾಳಿಯಾಡುವ ಕಡೆ ಒಂದು ವಾರವಾದರೂ ಒಣಗಿಸಿ. ಸ್ವಲ್ಪ ಬಾಗು ವಾಪಸ್ ಹೋಗಿಯೇ ಹೋಗುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಬಾಗಿಸಿರಬೇಕು ಅನ್ನುವುದು ಅದಕ್ಕೆ. ಮತ್ತೆ ತೂಗಿ. ಆವಿಗೆ ಮುಂಚಿನ ತೂಕಕ್ಕೆ ಬಂದ ಮೇಲೆಯೇ ಮುಂದಿನ ಹೆಜ್ಜೆ.

ಸೊಟ್ಟ ತಿದ್ದುವುದು

ಹೆದೆ ಕಟ್ಟಿ ನೋಡಿದಾಗ ಹೆದೆ ಹಿಡಿಯ ಮಧ್ಯಕ್ಕೆ ಬರಬೇಕು. ಒಂದು ಪಕ್ಕ ಸರಿದಿದ್ದರೆ ತೋಳು ಎಲ್ಲೋ ತಿರುಚಿದೆ. ಇದಕ್ಕೆ ಆವಿ ಬೇಡ, ಒಣಕಾವೇ ಸಾಕು. ತಿದ್ದಬೇಕಾದ ಜಾಗಕ್ಕೆ ಕೊಬ್ಬರಿ ಎಣ್ಣೆ ಸವರಿ. ಎಣ್ಣೆ ಇದ್ದರೆ ಮೈ ಬೇಗ ಸೀಯುವುದಿಲ್ಲ, ಕಾವು ಸಮವಾಗಿ ಹರಡುತ್ತದೆ. ಬಿಸಿಗಾಳಿ ಊದುವ ಹೀಟ್ ಗನ್ನನ್ನು ಆಡಿಸುತ್ತಾ ಎಲ್ಲ ಮೈಗೂ ಹತ್ತು ನಿಮಿಷ ನಿಧಾನವಾಗಿ ಕಾವು ಕೊಡಿ. ಚರ್ಮದ ಕೈಗವಸು ಹಾಕಿಕೊಂಡು ಎದುರು ದಿಕ್ಕಿಗೆ ಸ್ವಲ್ಪ ಜಾಸ್ತಿಯೇ ತಿರುಚಿ ಕ್ಲ್ಯಾಂಪ್ ಹಾಕಿ. ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಹಸಿಮರಕ್ಕೆ ಮಾತ್ರ ಒಣಕಾವು ಕೊಡಬೇಡಿ. ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ನೀರು ಹಾಗೇ ಇರುತ್ತದೆ, ಉದ್ದುದ್ದ ಬಿರುಕು ಬಿಡುತ್ತದೆ.

ಹೊಟ್ಟೆ ಹದ ಮಾಡುವುದು

ಈಗ ಮುಖ್ಯ ಕೆಲಸ. ಎರಡೂ ತೋಳು ಸಮನಾಗಿ ಬಾಗುತ್ತಿವೆ, ಸಣ್ಣ ಎತ್ತರಕ್ಕೆ ಹೆದೆ ಏರಿಸಬಹುದು, ಆದರೆ ಇನ್ನೂ ಪೂರ್ತಿ 28 ಇಂಚು ಎಳೆದಿಲ್ಲ. ಈ ಹಂತವೇ ಸರಿ. ಅದಕ್ಕೆ ಮುಂಚೆ ಮಾಡಿದರೆ ಹದವಾದ ಪದರವನ್ನೇ ಹೆರೆದು ಬಿಸಾಡುತ್ತೀರಿ. ಪೂರ್ತಿ ಎಳೆದು ಬಿಲ್ಲು ಸೋತ ಮೇಲೆ ಮಾಡಿದರೆ ಜಜ್ಜಿದ ನಾರು ಮತ್ತೆ ಹಳೆಯ ಹಾಗೆ ಆಗುವುದಿಲ್ಲ.

ಬಿಲ್ಲಿನಷ್ಟೇ ಉದ್ದದ ಗಟ್ಟಿ ರೀಪು ತೆಗೆದುಕೊಂಡು ಇನ್ನೊಂದು ಅಚ್ಚು ಮಾಡಿ. ಮಧ್ಯ ಉಬ್ಬಿರಲಿ, ಎರಡೂ ತುದಿಯ ಕಡೆಗೆ ನಿಧಾನವಾಗಿ ಇಳಿದು ಒಂದೂವರೆ ಇಂಚು ತಗ್ಗಿರಲಿ. ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿ ಬಿಲ್ಲನ್ನು ಅದಕ್ಕೆ ಬಿಗಿಯಿರಿ. ಆಗ ಬಿಲ್ಲು ಎಳೆಯುವ ದಿಕ್ಕಿಗೆ ವಿರುದ್ಧವಾಗಿ ಬಾಗಿ ನಿಲ್ಲುತ್ತದೆ. ಹದ ಮಾಡುವುದರ ಜೊತೆಗೆ ಈ ಎದುರುಬಾಗೂ ಕೂತುಬಿಡುತ್ತದೆ, ಮುಂದೆ ಸೋಲುವುದಕ್ಕೆ ಅಷ್ಟು ಜಾಗ ಕೈಯಲ್ಲಿರುತ್ತದೆ. ಆವಿಯಲ್ಲಿ ಬಾಗಿಸಿದ ತುದಿ ಇದ್ದರೆ ಅದಕ್ಕೆ ಕಾವು ಬೀಳದಂತೆ ನೋಡಿಕೊಳ್ಳಿ, ಬಿಸಿ ಬಿದ್ದರೆ ಅಲ್ಲಿನ ಬಾಗು ಬಿಚ್ಚುತ್ತದೆ. ಹಿಡಿಗೆ ಬೇರೆ ತುಂಡು ಅಂಟಿಸಿದ್ದರೆ ಅಲ್ಲೂ ಅಷ್ಟೇ. ಮರಗೆಲಸದ ಬಿಳಿ ಅಂಟು ಈ ಕಾವಿನ ಅರ್ಧವನ್ನೂ ತಡೆಯುವುದಿಲ್ಲ. ಹಿಡಿಯ ಎರಡೂ ಪಕ್ಕ ಮೂರು ಬೆರಳು ಬಿಟ್ಟು ಶುರು ಮಾಡಿ.

ಹೀಟ್ ಗನ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಸ್ಟ್ಯಾಂಡಿಗೆ ಕಟ್ಟಿ, ಬಾಯಿ ಹೊಟ್ಟೆಯಿಂದ ನಾಲ್ಕು ಇಂಚು ಮೇಲೆ ಇರುವಂತೆ ನಿಲ್ಲಿಸಿ. ಕೈಯಲ್ಲಿ ಹಿಡಿದರೆ ಕೈ ಸೋತು ಹತ್ತಿರ ಹೋಗುತ್ತದೆ, ಮರ ಸೀಯುತ್ತದೆ. ಕಡಿಮೆ ಕಾವಿಗೆ ಇಡಿ. ಐದು ಇಂಚು ಜಾಗ ಒಂದು ಸಲಕ್ಕೆ. ಅದಕ್ಕೆ ಹತ್ತರಿಂದ ಹದಿನೈದು ನಿಮಿಷ. ಆಮೇಲೆ ಪಕ್ಕದ ಐದು ಇಂಚು, ಮೊದಲಿನ ಜಾಗದ ಅಂಚನ್ನು ಸ್ವಲ್ಪ ಮುಚ್ಚಿಕೊಳ್ಳುವ ಹಾಗೆ. ಒಂದು ಬಿಲ್ಲಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಅದನ್ನು ತಪ್ಪಿಸಿ ಕೂತುಕೊಳ್ಳಿ.

ನೋಡಬೇಕಾದ್ದು ಬಣ್ಣ. ಮೊದಲು ಮರ ಸ್ವಲ್ಪ ಹಳದಿಯಾಗುತ್ತದೆ. ಆಮೇಲೆ ಕಂದು. ಹುರಿದ ಕಾಫಿಬೀಜದ ಬಣ್ಣ ಬರುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ. ಕಪ್ಪಾಯಿತೆಂದರೆ ಅದು ಹದ ಅಲ್ಲ, ಇದ್ದಿಲು. ಆ ಪದರಕ್ಕೆ ಯಾವ ಶಕ್ತಿಯೂ ಇಲ್ಲ. ವಾಸನೆಯನ್ನೂ ಗಮನಿಸಿ. ಮೊದಲು ಸಿಹಿ ವಾಸನೆ ಬರುತ್ತದೆ. ಕಣ್ಣು ಉರಿಯುವ ಹೊಗೆ ಬಂದರೆ ಕಾವು ಜಾಸ್ತಿಯಾಗಿದೆ. ದೂರದಿಂದ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದವರು ಹೊಟ್ಟೆಯ ಮೈಯನ್ನು 180 ಮತ್ತು 200 ಡಿಗ್ರಿಯ ನಡುವೆ ಇಟ್ಟುಕೊಳ್ಳಲಿ.

ಬೆನ್ನನ್ನು ಆಗಾಗ ಬೆರಳಿಂದ ಮುಟ್ಟಿ ನೋಡಿ. ಅಚ್ಚಿನ ಪಕ್ಕದಿಂದ ಬೆರಳು ಹೋಗುವಷ್ಟು ಜಾಗ ಮೊದಲೇ ಬಿಟ್ಟಿರಿ. ಬೆಚ್ಚಗಾದರೆ ಪರವಾಗಿಲ್ಲ, ಕಾವು ಒಳಗೆ ಇಳಿದಿದೆ ಅಂತ ಅರ್ಥ. ಬೆರಳು ಇಡಲಾಗದಷ್ಟು ಸುಟ್ಟರೆ ತಕ್ಷಣ ಮುಂದಿನ ಜಾಗಕ್ಕೆ ಹೋಗಿ. ಇದೊಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಹೊಟ್ಟೆ ಕಮ್ಮಿ ಹದವಾದರೆ ಇನ್ನೊಂದು ಸಲ ಕಾಸಬಹುದು. ಬೆನ್ನು ಸುಟ್ಟರೆ ಎಳೆಯುವಾಗ ಮುರಿದು ಮುಖಕ್ಕೆ ಬರುತ್ತದೆ.

ಹೀಟ್ ಗನ್ ಇಲ್ಲದೆಯೂ ಇದನ್ನು ಮಾಡಬಹುದು. ನೆಲದಲ್ಲಿ ಬಿಲ್ಲಿನ ಒಂದು ತೋಳಿನಷ್ಟು ಉದ್ದ, ಗೇಣಗಲ ಗುಂಡಿ ತೋಡಿ ತೆಂಗಿನ ಚಿಪ್ಪಿನ ಇದ್ದಿಲು ತುಂಬಿ. ಉರಿ ಪೂರ್ತಿ ಇಳಿದು ಕೆಂಡದ ಮೇಲೆ ಬೂದಿ ಕೂರುವ ತನಕ ಕಾಯಿರಿ. ಅಚ್ಚಿಗೆ ಬಿಗಿದ ಬಿಲ್ಲನ್ನು ಮಗುಚಿ, ಹೊಟ್ಟೆ ಕೆಳಗೆ ಮಾಡಿ, ಎರಡೂ ಕಡೆ ಕಲ್ಲಿನ ಮೇಲೆ ಎಂಟು ಹತ್ತು ಇಂಚು ಎತ್ತರದಲ್ಲಿ ಇಡಿ. ಅಚ್ಚಿನ ಮರವೇ ಬೆನ್ನಿಗೆ ಮರೆಯಾಗುತ್ತದೆ. ಐದೈದು ನಿಮಿಷಕ್ಕೆ ಎತ್ತಿ ಬಣ್ಣ ನೋಡಿ. ಕಾವು ಎಲ್ಲ ಕಡೆ ಒಟ್ಟಿಗೆ ಬೀಳುವುದರಿಂದ ಬಣ್ಣ ಬಹಳ ಸಮನಾಗಿ ಬರುತ್ತದೆ. ನನಗೆ ವೈಯಕ್ತಿಕವಾಗಿ ಈ ಕೆಂಡದ ಹದವೇ ಇಷ್ಟ. ಕಲಿಯುವವರಿಗೆ ಮಾತ್ರ ಹೀಟ್ ಗನ್ನೇ ಹೇಳುತ್ತೇನೆ, ಅದರಲ್ಲಿ ಕಾವು ಕೈಯಲ್ಲಿರುತ್ತದೆ. ಯಾವುದೇ ಆಗಲಿ, ಅಂಗಳದಲ್ಲೇ ಮಾಡಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಒಣಹುಲ್ಲು, ಸೋಗೆ ಹತ್ತಿರ ಬೇಡ.

ಇನ್ನೊಂದು ಉಪಯೋಗ ಇದೆ, ಬಹಳ ಜನ ಮರೆಯುತ್ತಾರೆ. ಒಂದು ತೋಳು ಇನ್ನೊಂದಕ್ಕಿಂತ ಮೆತ್ತಗಿದ್ದರೆ ಗಟ್ಟಿ ತೋಳನ್ನು ಹೆರೆದು ಸಮ ಮಾಡುವುದು ರೂಢಿ. ಹಾಗೆ ಮಾಡಿದಷ್ಟೂ ಬಿಲ್ಲಿನ ಶಕ್ತಿ ಇಳಿಯುತ್ತದೆ. ಅದರ ಬದಲು ಮೆತ್ತಗಿನ ತೋಳಿಗೆ ಸ್ವಲ್ಪ ಜಾಸ್ತಿ ಹೊತ್ತು ಕಾವು ಕೊಡಿ. ಅದೇ ಗಟ್ಟಿಯಾಗಿ ಬರುತ್ತದೆ. ತೋಳಿನ ಯಾವುದೋ ಒಂದು ಜಾಗ ಮಾತ್ರ ಜಾಸ್ತಿ ಬಾಗುತ್ತಿದ್ದರೂ ಇದೇ ಮದ್ದು.

ಬಿದಿರಾದರೆ

ಮೊದಲ ಎಚ್ಚರಿಕೆ: ಸೀಳದ ಬಿದಿರನ್ನು ಬೆಂಕಿಗೆ ಹಿಡಿಯಬೇಡಿ. ಎರಡು ಗಂಟಿನ ನಡುವೆ ಸಿಕ್ಕಿಕೊಂಡ ಗಾಳಿ, ನೀರು ಬಿಸಿಯಾಗಿ ಪಟಾರನೆ ಸಿಡಿಯುತ್ತದೆ. ಸೀಳಿಯೇ ಕಾಸಬೇಕು.

ಮೂರು ವರ್ಷ ದಾಟಿದ ಬಿದಿರು ಬೇಕು. ಎಳೆಯದು ಒಣಗಿದರೆ ಸುಕ್ಕುತ್ತದೆ. ಕಿರುಬಿದಿರಿನ ಬುಡದ ಕಡೆ ಹೆಚ್ಚುಕಡಿಮೆ ಒಳಗೆಲ್ಲ ಗಟ್ಟಿಯೇ ಇರುತ್ತದೆ, ಅದೇ ಭಾಗ ಬಿಲ್ಲಿಗೆ. ಅರಣ್ಯದ ಹೊರಗೆ ಬೆಳೆದ ಬಿದಿರನ್ನು 2017ರ ತಿದ್ದುಪಡಿಯಲ್ಲಿ ಭಾರತೀಯ ಅರಣ್ಯ ಕಾಯ್ದೆಯ ಮರಗಳ ಪಟ್ಟಿಯಿಂದ ತೆಗೆದಿದ್ದಾರೆ. ತೋಟದ ಬೇಲಿಯದ್ದನ್ನೇ ಕಡಿಯಿರಿ, ಕಾಡಿಗೆ ಹೋಗಬೇಡಿ. ಕಡಿದದ್ದನ್ನು ಕೆಲವು ವಾರ ಕೆರೆಯಲ್ಲೋ ಹರಿಯುವ ನೀರಲ್ಲೋ ಮುಳುಗಿಸಿಟ್ಟರೆ ಒಳಗಿನ ಗಂಜಿ ಕರಗಿ ಹೋಗುತ್ತದೆ. ಕುಟ್ಟೆ ಹುಳ ಬರುವುದು ಆ ಗಂಜಿಗೇ.

ಬಿದಿರಿನ ಬಲವಾದ ನಾರೆಲ್ಲ ಹೊರಸಿಪ್ಪೆಯ ಹತ್ತಿರ ಒತ್ತೊತ್ತಾಗಿ ಇರುತ್ತದೆ. ಒಳಗೆ ಹೋದಷ್ಟೂ ವಿರಳ. ಹಾಗಾಗಿ ಸಿಪ್ಪೆಯ ಮೈ ಬೆನ್ನು, ಒಳಮೈ ಹೊಟ್ಟೆ. ಕಾವು ಕೊಡುವುದು ಒಳಮೈಗೆ. ತಡಸಲಿನ ಹಾಗೆಯೇ ಅಚ್ಚಿಗೆ ಬಿಗಿಯಿರಿ, ಆದರೆ ಕಾವು ಸ್ವಲ್ಪ ಕಮ್ಮಿ ಇರಲಿ, ಕೈ ಬೇಗ ಬೇಗ ಆಡಲಿ. ಬಿದಿರು ಬೇಗ ಸೀಯುತ್ತದೆ. ಕಾಯುತ್ತಿದ್ದ ಹಾಗೆ ಮೈಯಿಂದ ಎಣ್ಣೆಯಂಥ ಜಿಡ್ಡು ಬೆವರಿ ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ. ಆ ಜಿಡ್ಡು ಕಂಡಿತೆಂದರೆ ಬಿದಿರು ಬಾಗಲು ತಯಾರಾಗಿದೆ.

ನೆಟ್ಟಗೆ ಮಾಡುವುದನ್ನು ನಾನು ನೋಡಿ ಕಲಿತದ್ದು ಮೇದಾರ ಕೇರಿಯ ಒಬ್ಬ ಅಜ್ಜನ ಹತ್ತಿರ. ಏಣಿಗೆ ಗಳ ನೆಟ್ಟಗೆ ಮಾಡುತ್ತಾ ಕೂತಿದ್ದರು. "ತಮ್ಮಾ, ಗಂಟು ಮೊದ್ಲು ಕಾಸು, ನಡು ಆಮೇಲೆ" ಅಂದರು. ಕಾರಣವನ್ನೂ ತೋರಿಸಿದರು. ಬಿದಿರು ಸೊಟ್ಟಗಾಗುವುದು ಗಂಟಿನಲ್ಲಿ, ಅಲ್ಲೇ ದಪ್ಪ ಜಾಸ್ತಿ, ಕಾವು ಇಳಿಯಲು ಹೊತ್ತು ಬೇಕು. ನಡುವನ್ನು ಮೊದಲು ಕಾಸಿದರೆ ಅದು ಸೀದುಹೋಗುವಷ್ಟರಲ್ಲಿ ಗಂಟು ಇನ್ನೂ ತಣ್ಣಗಿರುತ್ತದೆ. ಬಾಗಿಸಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ ಹಿಡಿದುಕೊಳ್ಳುತ್ತಿದ್ದರು. ಬಿದಿರು ಅಲ್ಲೇ ಕೂತುಬಿಡುತ್ತಿತ್ತು. ಬಾಣದ ಕಡ್ಡಿ ನೆಟ್ಟಗೆ ಮಾಡುವುದಕ್ಕೂ ಇದೇ ಕ್ರಮ, ಬೆಂಕಿ ಮಾತ್ರ ಸಣ್ಣದು. ಒಂದು ಮೇಣದ ಬತ್ತಿಯ ಕಾವು ಬೇಕಾದಷ್ಟು.

ಜಪಾನಿನ ಯುಮಿ ಬಿಲ್ಲು 2.2 ಮೀಟರ್ ಉದ್ದ ಇರುತ್ತದೆ. ಅದರ ಒಳಗೆ ಇಡುವ ಬಿದಿರಿನ ಪಟ್ಟಿಗಳನ್ನು ಬೆಂಕಿಯಲ್ಲಿ ಕಪ್ಪಾಗುವಷ್ಟು ಸುಟ್ಟು ಗಟ್ಟಿ ಮಾಡಿ ಆಮೇಲೆ ಅಂಟಿಸುತ್ತಾರೆ. ಅಲ್ಲಿ ಒಳಪಟ್ಟಿಯ ಎರಡೂ ಕಡೆ ಬೇರೆ ಬಿದಿರಿನ ರಕ್ಷಣೆ ಇದೆ. ನಮ್ಮದು ಒಂದೇ ಸೀಳಿನ ಬಿಲ್ಲು, ಅಷ್ಟು ಸುಡುವುದು ನಮಗೆ ಸಲ್ಲದು.

ಕಾಸಿದ ಮೇಲೆ

ಅಚ್ಚಿನಲ್ಲೇ ರಾತ್ರಿ ಕಳೆಯಲಿ. ಬೆಳಿಗ್ಗೆ ಬಿಚ್ಚಿ ತೂಗಿ. ತೂಕ ಇಳಿದಿರುತ್ತದೆ. ಹೊಟ್ಟೆಯ ಪದರದಲ್ಲಿ ಈಗ ನೀರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈ ಸ್ಥಿತಿಯಲ್ಲಿ ಬಾಗಿಸಿದರೆ ಬಿಲ್ಲು ಮುರಿಯುತ್ತದೆ. ಹದ ಮಾಡಿದ ಬಿಲ್ಲುಗಳಲ್ಲಿ ಬಹಳಷ್ಟು ಮುರಿಯುವುದು ಈ ಅವಸರಕ್ಕೇ. ನೆರಳಲ್ಲಿ, ಗಾಳಿಯಾಡುವ ಕಡೆ ಅಡ್ಡ ಮಲಗಿಸಿಡಿ. ದಿನಾ ಒಂದೇ ಹೊತ್ತಿಗೆ ತೂಗಿ. ತೂಕ ಸ್ವಲ್ಪ ಸ್ವಲ್ಪ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಮೊದಲಿನ ತೂಕಕ್ಕಿಂತ ಸ್ವಲ್ಪ ಕಮ್ಮಿಯಲ್ಲೇ ನಿಲ್ಲುತ್ತದೆ, ಅದು ಸರಿಯೇ. ಸಾಮಾನ್ಯವಾಗಿ ಒಂದರಿಂದ ಎರಡು ವಾರ. ಮಾರ್ಚ್‌ನ ಒಣಗಾಳಿಯಲ್ಲಿ ಇನ್ನೂ ನಿಧಾನ.

ಮೊದಲ ಎಳೆತ ಕೈಯಲ್ಲಿ ಬೇಡ. ಗೋಡೆಗೆ ಬಿಲ್ಲನ್ನು ಅಡ್ಡ ನಿಲ್ಲಿಸಿ, ಹೆದೆಗೆ ಹಗ್ಗ ಕಟ್ಟಿ, ನೆಲದ ಹತ್ತಿರ ಒಂದು ರಾಟೆಗೆ ಹಾಯಿಸಿ, ದೂರದಲ್ಲಿ ನಿಂತು ಎಳೆಯಿರಿ. ಹಗ್ಗದ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದರೆ ಪೌಂಡ್ ಕೂಡ ತಿಳಿಯುತ್ತದೆ. ಬಿಲ್ಲು ಮೊದಲಿಗಿಂತ ಬಿಗಿಯಾಗಿರುತ್ತದೆ. ಕಾಸುವ ಮೊದಲು 20 ಇಂಚಿಗೆ ಎಷ್ಟು ತೂಗುತ್ತಿತ್ತು ಅಂತ ಬರೆದಿಟ್ಟುಕೊಂಡಿದ್ದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಂದೊಂದು ಇಂಚು ಹೆಚ್ಚಿಸುತ್ತಾ, ನಡುನಡುವೆ ಹಲವು ಸಲ ಎಳೆದು ಬಿಡುತ್ತಾ 28ಕ್ಕೆ ಬನ್ನಿ. ಬಾಣವಿಲ್ಲದೆ ಹೆದೆಯನ್ನು ಒಮ್ಮೆಲೇ ಬಿಡಬೇಡಿ, ಆ ಏಟೆಲ್ಲ ಮರಕ್ಕೇ ಬೀಳುತ್ತದೆ. ತೋಳು ಸಮವಿಲ್ಲ ಅನ್ನಿಸಿದರೆ ಉಪ್ಪುಕಾಗದದಿಂದಲೇ ತಿದ್ದಿ. ಕತ್ತಿ, ಅರ ಹಿಡಿದರೆ ಹದವಾದ ಪದರ ಹೊರಟುಹೋಗುತ್ತದೆ. ಜಾಸ್ತಿ ಹೆರೆಯಬೇಕಾಗಿ ಬಂದರೆ ಮುಗಿಸಿ ಮತ್ತೊಂದು ಸಲ ಕಾಸಿ.

ಗುರಿಹಲಗೆ ಬಿಟ್ಟು ಬೇರೆ ಯಾವುದಕ್ಕೂ ಈ ಬಿಲ್ಲು ಹಿಡಿಯಬೇಡಿ. ಕಾಡುಪ್ರಾಣಿ ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ, ಬಿಲ್ಲಿನ ಬೇಟೆಗೂ ಅದೇ ಕಾನೂನು. ಮಕ್ಕಳಿಗೆ ಹೇಳಿಕೊಡುವಾಗ ನಾನು ಮೊದಲು ಹೇಳುವುದೂ ಇದನ್ನೇ.

ಕೊನೆಗೆ ಬೇಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಮೂರು ನಾಲ್ಕು ಸಲ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ತಂತಿಗೆ ಹಾಕಿ ಒಣಗಿಸಿ. ಎಣ್ಣೆಯ ಮೇಲೆ ಜೇನುಮೇಣ ತಿಕ್ಕಿ. ಮಳೆಗಾಲದಲ್ಲಿ ಹೆದೆ ಬಿಚ್ಚಿ, ಅಡುಗೆಮನೆಯ ಅಟ್ಟದ ಕೆಳಗೆ ಹೊಗೆ ತಾಗುವ ಕಡೆ ಎರಡು ಗೂಟದ ಮೇಲೆ ಅಡ್ಡ ಮಲಗಿಸಿ. ಒಂದು ತುದಿ ನೆಲಕ್ಕೆ ಊರಿ ಗೋಡೆಗೆ ಒರಗಿಸಬೇಡಿ. ಆಗಸ್ಟ್‌ನಲ್ಲಿ ಒಮ್ಮೆ ತೆಗೆದು ತೂಗಿ, ಎಳೆದು ಪೌಂಡ್ ನೋಡಿ, ಏಪ್ರಿಲ್‌ನ ಲೆಕ್ಕದ ಪಕ್ಕದಲ್ಲೇ ಬರೆಯಿರಿ. ಎರಡು ಮೂರು ಪೌಂಡ್ ಇಳಿದಿದ್ದರೆ ಚಿಂತೆ ಇಲ್ಲ, ದೀಪಾವಳಿ ಕಳೆದು ಗಾಳಿ ಒಣಗಿದಾಗ ವಾಪಸ್ ಬರುತ್ತದೆ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಹದ ಸಾಲದು. ಜನವರಿಯಲ್ಲಿ ಹೊಟ್ಟೆಯ ಮೇಣ, ಎಣ್ಣೆಯನ್ನು ಉಪ್ಪುಕಾಗದದಿಂದ ತೆಗೆದು, ಅದೇ ಅಚ್ಚಿಗೆ ಬಿಗಿದು ಇನ್ನೊಮ್ಮೆ ಕಾಸಿ.